ಬೇಯಿಸಿದರೂ ಕೆಸುವಿನ ಗಡ್ಡೆ ಗಂಟಲು ಕೆರೆಯುತ್ತದೆ, ಯಾಕೆ?

ಹಿತ್ತಲಗಿಡ
ಮೊದಲ ಸಲ ಕೆಸು ಬೆಳೆದೆ. ಎಲೆ ಸೊಂಟದ ಎತ್ತರ ಬಂದಿತ್ತು, ದಿನಾ ನೋಡಿ ಖುಷಿಪಡುತ್ತಿದ್ದೆ. ಐದು ತಿಂಗಳಿಗೆ ಕಿತ್ತರೆ ಗಡ್ಡೆ ನಿಂಬೆಹಣ್ಣಿನಷ್ಟೂ ಇಲ್ಲ. ಇದ್ದಷ್ಟನ್ನೇ ಹತ್ತು ನಿಮಿಷ ಬೇಯಿಸಿ ತಿಂದೆವು, ಎಲ್ಲರ ಗಂಟಲೂ ಕೆರೆಯಿತು, ಮಗಳಂತೂ ಇನ್ನು ಮುಟ್ಟುವುದಿಲ್ಲ ಎನ್ನುತ್ತಾಳೆ. ತಳಿಯೇ ಸರಿ ಇಲ್ಲವಾ?

ಕೆಸರುಗಾಲು
ತಳಿಯನ್ನು ಈಗಲೇ ದೂರಬೇಡಿ, ಹತ್ತು ನಿಮಿಷ ಏನೇನೂ ಸಾಲದು. ಕೆಸುವಿನ ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಕಣ್ಣಿಗೆ ಕಾಣದ ಸೂಜಿಗಳ ಹಾಗೆ, ಅವು ಬಾಯಿ ಗಂಟಲಿಗೆ ಚುಚ್ಚುವುದರಿಂದಲೇ ಈ ಕೆರೆತ. ಸಿಪ್ಪೆ ಸಮೇತ ಬೇಯಿಸಿ. ಚಾಕು ನಡುವಿನ ತನಕ ತಡೆಯಿಲ್ಲದೆ ಇಳಿಯಬೇಕು. ಆ ನೀರು ಚೆಲ್ಲಿಬಿಡಿ, ಕರಗುವ ಆಕ್ಸಲೇಟ್ ಒಂದಷ್ಟು ಅದರ ಜೊತೆಗೇ ಹೋಗುತ್ತದೆ. ಆಮೇಲೆ ಹುಳಿ ಹಾಕಿ ಮತ್ತೊಮ್ಮೆ ಕುದಿಸಿ. ಎಲೆಯನ್ನೂ ಅವಸರ ಮಾಡದೆ ಮುಕ್ಕಾಲು ಗಂಟೆ ಬೇಯಿಸುತ್ತೇನೆ. ಹಸಿ ಗಡ್ಡೆ ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಒದ್ದೆ ಕೈಗೆ ತುರಿಕೆ ಜಾಸ್ತಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಲಿ.

ಮಳೆಬಿತ್ತನೆ
ಐದು ತಿಂಗಳಿಗೇ ಕಿತ್ತರೆ ಹೇಗೆ? ತಳಿ ನೋಡಿಕೊಂಡು 6ರಿಂದ 12 ತಿಂಗಳು ಬೇಕು. ಎಲೆ ಹಳದಿಯಾಗಿ, ಹೊಸ ಎಲೆ ಚಿಕ್ಕದಾಗುತ್ತಾ ಬಂದು ಗಿಡ ಕುಗ್ಗಿದಾಗ ಗಡ್ಡೆ ಬಲಿತಿದೆ ಅಂತ ಅರ್ಥ. ಸಾರಜನಕದ ಗೊಬ್ಬರ ಅತಿಯಾದರೂ ಬರೀ ಎಲೆಯೇ ಬರುತ್ತದೆ. ಬುಡಕ್ಕೆ ಎರಡು ಸಲವಾದರೂ ಮಣ್ಣು ಏರಿಸಿ. ಕೆಸುವಿಗೆ ನೀರು ಇಷ್ಟ ನಿಜ, ಆದರೆ ನಿಂತು ಬಿಸಿಯಾದ ನೀರಲ್ಲಿ ಗಡ್ಡೆ ಕೊಳೆಯುತ್ತದೆ, ಹರಿಯುವ ತಂಪು ನೀರಾದರೆ ಗದ್ದೆಯಲ್ಲೇ ಬೆಳೆಯಬಹುದು.

ಹಿತ್ತಲಗಿಡ
ವಾರಕ್ಕೊಮ್ಮೆ ಅಡುಗೆಗೆ ಎಲೆಯನ್ನೂ ಕೊಯ್ಯುತ್ತಿದ್ದೆ. ಅದೂ ಕಾರಣವಾ?

ಮಳೆಬಿತ್ತನೆ
ಖಂಡಿತ. ಗಡ್ಡೆಗೆ ಪಿಷ್ಟ ಬರುವುದು ಎಲೆಯಿಂದಲೇ ಅಲ್ವಾ! ಎಲೆಗೆ ಅಂತಲೇ ನಾಲ್ಕು ಗಿಡ ಬೇರೆ ಇಟ್ಟುಕೊಳ್ಳಿ. ಎಲೆ ಮೇಲೆ ನೀರು ಹೀರಿದಂಥ ಕಂದು ಚುಕ್ಕೆ ಕಂಡರೆ ಆ ಎಲೆಯನ್ನು ತಕ್ಷಣ ಕತ್ತರಿಸಿ ದೂರ ಹಾಕಿ, ಅಂಗಮಾರಿ ಇರಬಹುದು. ಸಮೋವಾ ದ್ವೀಪಗಳಲ್ಲಿ ಕೆಸುವೇ ಮುಖ್ಯ ಆಹಾರವಾಗಿತ್ತು, 1993ರಲ್ಲಿ ಈ ರೋಗ ಬಂದು ಅಲ್ಲಿನ ಬೆಳೆಯನ್ನೇ ನೆಲಕಚ್ಚಿಸಿತು. ಒತ್ತಾಗಿ ನೆಡಬೇಡಿ, ಗಾಳಿ ಆಡಲಿ.

ಹಿತ್ತಲಗಿಡ
ಮೂರು ಗಿಡ ಇನ್ನೂ ಕಿತ್ತಿಲ್ಲ. ಇವತ್ತೇ ಮಣ್ಣು ಏರಿಸುತ್ತೇನೆ, ಎಲೆ ಹಳದಿಯಾಗುವ ತನಕ ಮುಟ್ಟುವುದಿಲ್ಲ.