ಅಪ್‌ಡೇಟ್: ದೋಣಿಯ ಬ್ಯಾಟರಿ ಈಗ ಕೈಕೊಡುತ್ತಿಲ್ಲ

ಕಳೆದ ವಾರ ಕೇಳಿದ್ದೆನಲ್ಲ, ಕೋಡಿ ಬೆಂಗ್ರೆ ಅಳಿವೆಯ ಒಳಗೆ ಸಂಜೆ ಗಾಳ ಹಾಕಿ ಕೂತರೆ ಫಿಶ್ ಫೈಂಡರ್ (ನೀರಡಿಯ ಮೀನು ತೋರಿಸುವ ಸಾಧನ), ಲೈಟು, ಪುಟ್ಟ ಫ್ರಿಜ್ಜು ಸೇರಿ ಬ್ಯಾಟರಿ ಬರಿದು ಮಾಡುತ್ತವೆ, ವಾಪಸ್ ಬರಲು ಎಂಜಿನ್ ಸ್ಟಾರ್ಟ್ ಆಗಲ್ಲ ಅಂತ. ಈಗ ಸರಿಹೋಗಿದೆ!

ಮೊದಲು 20 ವಾಟ್ ಸೋಲಾರ್ ಪ್ಯಾನೆಲ್ ಹಾಕಿದೆ. ಒಳ್ಳೆ ಬಿಸಿಲಲ್ಲೂ ಒಂದು ಆಂಪಿಯರ್ ಚಿಲ್ಲರೆ. ಫ್ರಿಜ್ಜೊಂದೇ ನಾಲ್ಕು ಎಳೆಯುತ್ತೆ. ಕಟ್ಟಿಟ್ಟ ದೋಣಿಗೆ ಸಾಕು, ಬಳಕೆಗೆ ಸಾಲದು.

ಕೆಲಸಕ್ಕೆ ಬಂದಿದ್ದು ಎರಡು ಬ್ಯಾಟರಿಯ ಸಲಹೆ. ಹಳೆಯದು ಸ್ಟಾರ್ಟಿಂಗ್‌ಗೆ ಮಾತ್ರ, ಉಳಿದದ್ದಕ್ಕೆಲ್ಲ 100 ಆಂಪಿಯರ್-ಅವರ್‌ನ ಡೀಪ್ ಸೈಕಲ್ (ಬಹಳ ಹೊತ್ತು ಕರೆಂಟ್ ಕೊಡಲೆಂದೇ ಮಾಡಿದ ಬ್ಯಾಟರಿ), ನಡುವೆ ವೋಲ್ಟೇಜ್ ನೋಡಿ ಎರಡನ್ನೂ ತಾನೇ ಜೋಡಿಸಿ ಬಿಡಿಸುವ ಸ್ವಿಚ್, ಅಂದರೆ ರಿಲೇ.

ಅಚ್ಚರಿ ಆಗಿದ್ದು ಮಲ್ಟಿಮೀಟರ್ ಹಿಡಿದಾಗ. ಎಂಜಿನ್ ಐಡಲ್‌ನಲ್ಲಿ 12.5 ವೋಲ್ಟ್, ವೇಗ ಕೊಟ್ಟರೆ 14.1. 12.5 ಅಂದರೆ ಬ್ಯಾಟರಿಯ ಸ್ವಂತ ವೋಲ್ಟೇಜ್ ಅಷ್ಟೇ, ಮೆಲ್ಲಗೆ ತಿರುಗಾಡಿದಷ್ಟು ಹೊತ್ತೂ ಚಾರ್ಜೇ ಆಗುತ್ತಿರಲಿಲ್ಲ! ಜತೆಗೆ ಉಪ್ಪುಗಾಳಿಗೆ ನೆಗೆಟಿವ್ ಟರ್ಮಿನಲ್ ಹಸಿರುಗಟ್ಟಿತ್ತು. ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ್ದೇನೆ. ಅದನ್ನು ಮೊದಲೇ ನೋಡಿ ಅಂದವರಿಗೆ ವಿಶೇಷ ಥ್ಯಾಂಕ್ಸ್.

ನಿನ್ನೆ ಐದು ಗಂಟೆ ನೀರಲ್ಲಿದ್ದೆ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು.