ಸ್ಟ್ರಟ್ ಬಾರ್, ಅಂಡರ್ ಬ್ರೇಸ್ ಹಾಕಿಸಿದರೆ ಕಾರಿನ ಅಪಘಾತ ಸುರಕ್ಷತೆಗೆ ಧಕ್ಕೆಯೇ?

ಪ್ರಶ್ನೆ: ಹಾನುಬಾಳು ದಾರಿ (ಹಾಸನ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2018ರಲ್ಲಿ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು ಇದೆ. ಹಾಸನದಿಂದ ಸಕಲೇಶಪುರ ದಾಟಿ ಹಾನುಬಾಳು ಕಡೆಯ ತೋಟಕ್ಕೆ ವಾರವಾರವೂ ಹೋಗಿಬರುತ್ತೇನೆ. ಆಗಾಗ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿಯನ್ನೂ ಇಳಿಯುತ್ತೇನೆ. ಇತ್ತೀಚೆಗೆ ತಿರುವುಗಳಲ್ಲಿ ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರಿನ ಮೂತಿ ಸ್ವಲ್ಪ ತಡೆದು ಹೊರಳಿದಂತೆ ಅನ್ನಿಸುತ್ತದೆ. ತೋಟದ ಏರುತಗ್ಗಿನಲ್ಲಿ ಒಂದು ಚಕ್ರ ಮೇಲೆ, ಒಂದು ಕೆಳಗೆ ಇರುವಾಗ ಹಿಂಬಾಗಿಲ ಕಡೆಯಿಂದ ಕಿರಗುಟ್ಟುವ ಸದ್ದೂ ಬರುತ್ತದೆ.

ನಗರದ ಒಂದು ಆಕ್ಸೆಸರೀಸ್ ಅಂಗಡಿಯವರು ಪೂರ್ತಿ ಕಿಟ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಅದರಲ್ಲಿ ಬಾನೆಟ್ ಕೆಳಗಿನ ಸ್ಟ್ರಟ್ ಬಾರ್ (ಸ್ಟ್ರಟ್ ಎಂದರೆ ಮುಂಚಕ್ರದ ಸ್ಪ್ರಿಂಗ್-ಶಾಕ್ ಜೋಡಣೆ), ಲೋಯರ್ ಆರ್ಮ್‌ಗಳ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳುಗಳು) ಬಳಿ ಕೂರುವ ಅಂಡರ್ ಬ್ರೇಸ್ ಎಂಬ ಬಿಗಿಪಟ್ಟಿ, ಮುಂಚಕ್ರದ ಮೇಲಿನ ಫೆಂಡರ್ ಒಳಗೆ ಕೂರುವ ಬ್ರೇಸ್, ಡಿಕ್ಕಿಯೊಳಗೆ ಒಂದು ಬಾರ್ ಇವೆ. ಬೇಕೆಂದರೆ ಚಾಸಿಸ್‌ನ ಟೊಳ್ಳು ಭಾಗಗಳಿಗೆ ಫೋಮ್ ತುಂಬಿಕೊಡುತ್ತಾರಂತೆ. ‘ಬಾಡಿ ಬಿಗಿಯಾದರೆ ಅಪಘಾತದಲ್ಲೂ ಏನೂ ಆಗದು’ ಎಂಬುದು ಅವರ ಭರವಸೆ. ನಮ್ಮ ಭಾವ ಮಾತ್ರ, ಕಾರಿನ ಮೂತಿ ನುಜ್ಜಾಗಲೆಂದೇ ಮಾಡಿರುತ್ತಾರೆ, ಅದನ್ನು ಬಿಗಿ ಮಾಡಿದರೆ ಪೆಟ್ಟು ಒಳಗೆ ಕುಳಿತವರಿಗೇ ಎನ್ನುತ್ತಾರೆ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಕೂರುತ್ತಾರೆ. ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ 1: ಮೆಕ್ಯಾನಿಕಲ್ ಮೇಷ್ಟ್ರು (ಹಾಸನ)

ನಿಮ್ಮ ಭಾವನವರು ಹೇಳಿದ್ದು ಹೆಚ್ಚು ಸರಿ, ಆದರೆ ಕಿಟ್‌ನ ಎಲ್ಲ ತುಂಡುಗಳಿಗೂ ಅದು ಒಂದೇ ಸಮನಾಗಿ ಅನ್ವಯಿಸುವುದಿಲ್ಲ.

ಮುಂಭಾಗ ಕುಸಿಯಬೇಕು, ಪ್ರಯಾಣಿಕರ ಕೋಣೆ ಕುಸಿಯಬಾರದು ಎಂಬ ವಿನ್ಯಾಸಕ್ಕೆ ಮರ್ಸಿಡಿಸ್-ಬೆನ್ಜ್ ಸಂಸ್ಥೆಯ ಎಂಜಿನಿಯರ್ ಬೇಲಾ ಬರೇನಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದರು; 1959ರಲ್ಲಿ ಅದು ರಸ್ತೆಗಿಳಿದ ಕಾರಿನಲ್ಲಿ ಬಂತು. ಇಂದಿನ ಕಾರುಗಳಲ್ಲಿ ಎಂಜಿನ್‌ನ ಎರಡೂ ಪಕ್ಕದಲ್ಲಿ ಬಂಪರ್‌ವರೆಗೆ ಚಾಚಿಕೊಂಡಿರುವ ಉದ್ದನೆಯ ಪೆಟ್ಟಿಗೆ ಆಕಾರದ ತೊಲೆಗಳು ಮುಂದಿನ ತುದಿಯಿಂದ ಹಿಂದಕ್ಕೆ ಮಡಿಕೆ ಮಡಿಕೆಯಾಗಿ ಕುಸಿಯುವಂತೆ ರೂಪಿಸಲ್ಪಟ್ಟಿರುತ್ತವೆ. ಫೆಂಡರ್‌ನ ಒಳಗೆ, ಚಕ್ರದ ಮೇಲ್ಭಾಗದಿಂದ ಮುಂಬಾಗಿಲ ಕಂಬದತ್ತ ಸಾಗುವ ಇನ್ನೊಂದು ತೊಲೆ ಉಳಿದ ಹೊರೆಯ ಒಂದು ಪಾಲನ್ನು ಹೊರುತ್ತದೆ.

ಲೆಕ್ಕ ಹಾಕಿ ನೋಡಿ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗಟ್ಟಿ ಗೋಡೆಗೆ ಗುದ್ದಿದ ಕಾರು 60 ಸೆಂ.ಮೀ. ಕುಸಿದು ನಿಂತರೆ ಸರಾಸರಿ ವೇಗ ತಗ್ಗುವಿಕೆ ಗುರುತ್ವದ ಸುಮಾರು 27 ಪಟ್ಟು. ಅದೇ ಕಾರು 50 ಸೆಂ.ಮೀ.ಗೇ ನಿಂತುಬಿಟ್ಟರೆ ಸುಮಾರು 32 ಪಟ್ಟು. ಬರೀ ಒಂದು ಗೇಣಿಗಿಂತಲೂ ಕಡಿಮೆ ಅಂತರಕ್ಕೆ ಈ ವ್ಯತ್ಯಾಸ. ಜೊತೆಗೆ, ಏರ್‌ಬ್ಯಾಗ್ ಯಾವ ಕ್ಷಣದಲ್ಲಿ ಬಿಚ್ಚಿಕೊಳ್ಳಬೇಕು, ಸೀಟ್‌ಬೆಲ್ಟ್ ಯಾವಾಗ ಬಿಗಿಯಬೇಕು ಎಂಬುದನ್ನು ಕಂಪನಿಯವರು ಆ ಮೂತಿ ಕುಸಿಯುವ ಕ್ರಮವನ್ನೇ ಆಧರಿಸಿ ಹೊಂದಿಸಿರುತ್ತಾರೆ.

ಹೀಗಾಗಿ ಪ್ರತಿಯೊಂದು ತುಂಡೂ ಕಾರಿಗೆ ಅಡ್ಡಲಾಗಿ ಕೂರುತ್ತದೆಯೋ ಉದ್ದುದ್ದಕ್ಕೆ ಕೂರುತ್ತದೆಯೋ ಎಂಬುದನ್ನು ಮೊದಲು ಗಮನಿಸಬೇಕು. ಸ್ಟ್ರಟ್ ಬಾರ್ ಎಡ, ಬಲ ಸ್ಟ್ರಟ್‌ಗಳ ನೆತ್ತಿಯನ್ನು ಅಡ್ಡಲಾಗಿ ಜೋಡಿಸುವ ಸರಳು. ನೇರ ಮುಂದಿನಿಂದ ಬರುವ ಪೆಟ್ಟಿಗೆ ಅದು ಎದುರು ನಿಲ್ಲುವುದಿಲ್ಲ. ಎರಡು ಕಡೆ ಮಾತ್ರ ಬೋಲ್ಟ್ ಆಗುವ ಅಡ್ಡ ಅಂಡರ್ ಬ್ರೇಸ್‌ಗೂ ಬಹುಮಟ್ಟಿಗೆ ಇದೇ ಮಾತು. ಆದರೆ ನಾಲ್ಕು ಅಥವಾ ಆರು ಕಡೆ ಬೋಲ್ಟ್ ಆಗಿ, ಎಂಜಿನ್ ಹೊತ್ತ ಸಬ್‌ಫ್ರೇಮ್ ಅನ್ನು ನೆಲದ ತಗಡಿಗೆ ಬಿಗಿಯುವ ಬಗೆಯ ಬಗ್ಗೆ ಎಚ್ಚರವಿರಲಿ. ಕೆಲವು ಕಾರುಗಳಲ್ಲಿ ಜೋರಾದ ಅಪಘಾತವಾದಾಗ ಸಬ್‌ಫ್ರೇಮ್ ಕಳಚಿಕೊಂಡು ಎಂಜಿನ್ ಸಮೇತ ನೆಲದಡಿಗೆ ಜಾರುವಂತೆ ಮಾಡಿರುತ್ತಾರೆ. ನಡುವೆ ಹೊಸದಾಗಿ ಸೇರಿಸಿದ ಉಕ್ಕು ಆ ಜಾರುವಿಕೆಯನ್ನು ತಡೆದರೆ ತಳ್ಳು ಚಾಲಕನ ಕಾಲಿನ ಕಡೆಗೆ ಬರುತ್ತದೆ.

ಫೆಂಡರ್ ಬ್ರೇಸ್ ಕೂರುವುದು ಉದ್ದುದ್ದಕ್ಕೆ, ಮೇಲೆ ಹೇಳಿದ ಆ ಎರಡನೆಯ ತೊಲೆಗೆ ಸಮಾನಾಂತರವಾಗಿ, ಬಾಗಿಲಿನ ಕಂಬಕ್ಕೆ ಒರಗಿ. ಅದನ್ನು ನಾನಂತೂ ಹಾಕಿಸುವುದಿಲ್ಲ. ಫೋಮ್ ಅದಕ್ಕಿಂತ ಕೆಟ್ಟದ್ದು: ಟೊಳ್ಳಾಗಿರುವುದರಿಂದಲೇ ಮಡಿಕೆ ಬೀಳುವ ತೊಲೆಯನ್ನು ತುಂಬಿಬಿಟ್ಟರೆ ಅದು ಮಡಿಯುವ ಬದಲು ಹಿಂದೆ ಎಲ್ಲೋ ಒಂದು ಕಡೆ ಬಾಗಬಹುದು, ನೀರು ಹರಿಯುವ ತೂತುಗಳು ಮುಚ್ಚಿ ಮಲೆನಾಡಿನ ಮಳೆಗೆ ಒಳಗಿಂದ ತುಕ್ಕು ಹಿಡಿಯಬಹುದು, ಮುಂದೆ ಅಲ್ಲಿ ವೆಲ್ಡಿಂಗ್ ಮಾಡಬೇಕಾದರೆ ಬೆಂಕಿಯ ಭಯ ಬೇರೆ. ಒಮ್ಮೆ ತುಂಬಿದ ಮೇಲೆ ತೆಗೆಯಲೂ ಆಗದು.

ಇಷ್ಟೆಲ್ಲ ಮಾಡಿ ಸಿಗುವ ಲಾಭವಾದರೂ ಎಷ್ಟು? ಈಚಿನ ಹ್ಯಾಚ್‌ಬ್ಯಾಕ್‌ನ ಬಾಡಿಯನ್ನು ಒಂದು ಡಿಗ್ರಿ ತಿರುಚಲು ಹತ್ತು ಸಾವಿರ ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ಅಥವಾ ಅದಕ್ಕೂ ಹೆಚ್ಚು ಬೇಕು. ಸ್ಪ್ರಿಂಗ್ ಮತ್ತು ಆಂಟಿ-ರೋಲ್ ಬಾರ್‌ಗಳ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳುಗಳು) ಮೇಲೆ ಅದೇ ಕಾರನ್ನು ಒಂದು ಡಿಗ್ರಿ ವಾಲಿಸಲು ಸಾವಿರದ ಆಸುಪಾಸು ಸಾಕು. ಮೆತ್ತಗಿರುವುದು ಸಸ್ಪೆನ್ಷನ್; ಬಿಗಿ ಮಾಡಲು ಹೊರಟಿರುವುದು ಬಾಡಿಯನ್ನು. ಈ ವರ್ಷಗಳ ಬಳಕೆಯ ನಂತರ ಮೂತಿ ತಡವಾಗಿ ಹೊರಳುತ್ತಿದೆ ಎಂದರೆ ಮೊದಲು ಲೋಯರ್ ಆರ್ಮ್ ಬುಷ್ (ಕೀಲಿನ ರಬ್ಬರ್), ಸ್ಟ್ರಟ್ ಮೌಂಟ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್‌ಗಳನ್ನು ಲಿಫ್ಟ್ ಮೇಲೆ ಹಾಕಿ ಪರೀಕ್ಷೆ ಮಾಡಿಸಿ, ಟೈರಿನ ಗಾಳಿ ಮತ್ತು ಅಲೈನ್‌ಮೆಂಟ್ ನೋಡಿಸಿ.

ಉತ್ತರ 2: ಕೈಮರದ ತಿರುವು (ಚಿಕ್ಕಮಗಳೂರು)

ಮೇಷ್ಟ್ರ ವಿವರಣೆಗೆ ವಂದನೆಗಳು, ಆದರೆ ಕೊನೆಯ ಲೆಕ್ಕಕ್ಕೆ ನನ್ನದೊಂದು ತಕರಾರು ಇದೆ. ಇಡೀ ಬಾಡಿಯ ತಿರುಚುವಿಕೆಯ ಅಂಕಿ ನೋಡಿದರೆ ಒಂದೊಂದು ಜಾಗದ ಸಡಿಲ ತಿಳಿಯುವುದಿಲ್ಲ. ಸೆಡಾನ್‌ನಲ್ಲಿ ಹಿಂದಿನ ಸೀಟಿನ ಬೆನ್ನಿಗೆ ತಗಡಿನ ಅಡ್ಡಗೋಡೆ ಇರುತ್ತದೆ. ಹ್ಯಾಚ್‌ಬ್ಯಾಕ್‌ನಲ್ಲಿ ಆ ಜಾಗ ದೊಡ್ಡ ತೆರಪು. ಒಂದು ಚಕ್ರ ಗುಂಡಿಗಿಳಿದಾಗ ಆ ಚೌಕಟ್ಟು ಓರೆಯಾಗಿ ಹಿಂಬಾಗಿಲ ರಬ್ಬರ್ ಉಜ್ಜುವುದರಿಂದಲೇ ಪ್ರಶ್ನೆ ಕೇಳಿದವರು ಹೇಳಿದ ಕಿರಗುಟ್ಟುವ ಸದ್ದು ಬರುತ್ತಿರಬಹುದು. ನನ್ನ ಕಾರಿಗೆ ಹಿಂದಿನ ಶಾಕ್‌ಗಳ ನೆತ್ತಿಗಳ ನಡುವೆ ಬಾರ್ ಹಾಕಿಸಿದ ಮೇಲೆ ಕೈಮರದಿಂದ ಬಾಬಾಬುಡನ್‌ಗಿರಿ ಕಡೆಗೆ ಏರುವ ರಸ್ತೆಯಲ್ಲಿ ಆ ಸದ್ದು ಬಹಳ ಮಟ್ಟಿಗೆ ತಗ್ಗಿದೆ, ಹಿಂಭಾಗ ಮುಂಭಾಗದ ಜೊತೆಗೇ ಹೊರಳುತ್ತದೆ. ಅಂಕಿಗೆ ಸಿಗದಿದ್ದರೂ ಕೂತವರಿಗೆ ಗೊತ್ತಾಗುತ್ತದೆ. (ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೂ ಅರ್ಧ ಸದ್ದು ಹೋಗುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.)

ಆದರೆ ಮಕ್ಕಳು ಹಿಂದೆ ಕೂರುತ್ತಾರೆ ಎಂದಿದ್ದೀರಿ. ಹಿಂದಿನಿಂದ ಯಾರಾದರೂ ಗುದ್ದಿದಾಗ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತದೆ. ಅಲ್ಲಿ ತಲೆಯ ಎತ್ತರಕ್ಕೆ ಕಬ್ಬಿಣದ ಕೊಳವೆ ಇರಬಾರದು. ಮಕ್ಕಳ ಸೀಟಿನ ಮೇಲಿನ ಪಟ್ಟಿಯನ್ನು ಡಿಕ್ಕಿಯ ಕಡೆಯ ಕೊಕ್ಕೆಗೆ ಕಟ್ಟುವವರಾದರೆ ಬಾರ್ ಆ ಪಟ್ಟಿಗೆ ತಗುಲದಂತೆಯೂ ನೋಡಬೇಕು. ನನ್ನ ಕಾರಿನಲ್ಲಿ ಅದು ಸೀಟಿನ ಬೆನ್ನಿಗಿಂತ ಸಾಕಷ್ಟು ಹಿಂದೆ, ತಗ್ಗಿನಲ್ಲಿ ಕೂತಿದೆ. ಎಲ್ಲ ಮಾದರಿಗಳಲ್ಲೂ ಹಾಗೆ ಕೂರುವುದಿಲ್ಲ. ಅಂಡರ್ ಬ್ರೇಸ್ ಅನ್ನು ನಾನು ಬೇಡವೆಂದದ್ದು ಬೇರೆ ಕಾರಣಕ್ಕೆ. ತೋಟದ ದಾರಿಯ ಕಲ್ಲಿಗೆ ಮೊದಲು ತಗಲುವುದೇ ಅದು, ಮತ್ತು ಅದು ತಿಂದ ಪೆಟ್ಟು ನೇರವಾಗಿ ಲೋಯರ್ ಆರ್ಮ್ ಕೂರುವ ಬೋಲ್ಟಿಗೆ ಹೋಗುತ್ತದೆ.

ಉತ್ತರ 3: ಸರ್ವಿಸ್ ಪಾರ್ಕ್ (ಚಿಕ್ಕಮಗಳೂರು)

ನಮ್ಮೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಗಳಲ್ಲಿ ಕಾರುಗಳ ಕೆಲಸಕ್ಕೆ ನಿಲ್ಲುವವನು ನಾನು. ‘ರ‍್ಯಾಲಿ ಕಾರು ಮೂರು ಪಲ್ಟಿ ಹೊಡೆದರೂ ಒಳಗಿನವರು ನಡೆದು ಬರುತ್ತಾರೆ, ಹಾಗಾದರೆ ಕೇಜ್ (ಕಾರಿನೊಳಗಿನ ಉಕ್ಕಿನ ಕೊಳವೆಗಳ ಪಂಜರ) ಹಾಕಿಸಿದರಾಯಿತಲ್ಲ’ ಎಂದು ಕೇಳುವ ಹುಡುಗರು ಬಹಳ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೇಜ್‌ನ ಮುಖ್ಯ ಕಮಾನು 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಅಥವಾ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಬೆಸುಗೆಯಿಲ್ಲದ ಉಕ್ಕಿನ ಕೊಳವೆಯದಾಗಿರಬೇಕು. ಅದರೊಳಗೆ ಕೂರುವವರು ಹೆಲ್ಮೆಟ್ ಹಾಕಿರುತ್ತಾರೆ, ಕುತ್ತಿಗೆ ಹಿಡಿದಿಡುವ ಹ್ಯಾನ್ಸ್ ತೊಟ್ಟಿರುತ್ತಾರೆ, ಹಲವು ಪಟ್ಟಿಗಳ ಬೆಲ್ಟ್‌ನಿಂದ ರೇಸಿಂಗ್ ಸೀಟಿಗೆ ಬಿಗಿಯಲ್ಪಟ್ಟಿರುತ್ತಾರೆ. ಮನೆಯವರನ್ನು ಕೂರಿಸಿಕೊಂಡು ಬೇಲೂರಿಗೆ ಹೋಗುವ ಕಾರಿನಲ್ಲಿ ಹೆಲ್ಮೆಟ್ ಇಲ್ಲ. ಮೂರು ಬಿಂದುವಿನ ಬೆಲ್ಟ್ ಸ್ವಲ್ಪ ಬಿಟ್ಟುಕೊಡುವಂತೆಯೇ ಮಾಡಿರುತ್ತಾರೆ. ಪಕ್ಕದಿಂದ ಪೆಟ್ಟು ಬಿದ್ದರೆ ಬರಿದಲೆ ಹೋಗಿ ಬಡಿಯುವುದು ಆ ಕೊಳವೆಗೆ. ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದು ಬಿಚ್ಚಿಕೊಳ್ಳುವ ದಾರಿಗೂ ಕೇಜ್ ಅಡ್ಡ.

ಇನ್ನೊಂದು ಮಾತು. ಈಗಿನ ಹಲವು ಕಾರುಗಳ ಬಾಗಿಲ ಕಂಬಗಳಲ್ಲಿ ಬಿಸಿಯಲ್ಲಿ ಅಚ್ಚೊತ್ತಿ ಗಟ್ಟಿ ಮಾಡಿದ ಬೋರಾನ್ ಉಕ್ಕು ಇರುತ್ತದೆ. ಅದರ ಕರ್ಷಣ ಸಾಮರ್ಥ್ಯ (ಎಳೆದರೂ ತುಂಡಾಗದೆ ತಡೆಯುವ ಶಕ್ತಿ) 1,500 ಮೆಗಾಪಾಸ್ಕಲ್‌ನಷ್ಟು. ಟಿಂಕರಿಂಗ್ ಶಾಪಿನಲ್ಲಿ ಅದರ ಮೇಲೆ ವೆಲ್ಡಿಂಗ್ ಹೊಡೆದರೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಬಿಗಿ ಮಾಡಲು ಹೋಗಿ ಕಂಬವನ್ನೇ ದುರ್ಬಲ ಮಾಡಿದ ಹಾಗೆ.

ಉತ್ತರ 4: ಸರ್ವೇಯರ್ (ಅರಸೀಕೆರೆ)

ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ ಕಲಂ 52, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಂಪರ್ ಮುಂದಿನ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದದ್ದು ಈ ಕಲಂ ಅನ್ನೇ ಹಿಡಿದು. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಸ್ಟ್ರಟ್ ಬಾರ್‌ಗೂ ಚಾಸಿಸ್ ಕೊರೆದು, ಬೆಸೆದು ಮಾಡುವ ಕೆಲಸಕ್ಕೂ ಬಹಳ ಅಂತರವಿದೆ; ಎರಡನೆಯದು ಕ್ಲೇಮ್ ಸಮಯದಲ್ಲಿ ಖಂಡಿತ ಪ್ರಶ್ನೆಗೆ ಬರುತ್ತದೆ. ಏನು ಹಾಕಿಸಿದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಬಿಲ್ ಇಟ್ಟುಕೊಳ್ಳಿ.

ಕಾರುಗಳ ಅಪಘಾತ ಸುರಕ್ಷತೆಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ ನಕ್ಷತ್ರ ನೋಡಿ ಕಾರು ಕೊಳ್ಳುವವರು ಹೆಚ್ಚಾಗಿದ್ದಾರೆ. 64 ಕಿ.ಮೀ. ವೇಗದಲ್ಲಿ ಮೂತಿಯ ಶೇ. 40 ಭಾಗವನ್ನು ಕುಸಿಯುವ ತಡೆಗೋಡೆಗೆ ಗುದ್ದಿಸುವುದೂ ಸೇರಿದಂತೆ ಪರೀಕ್ಷೆಗಳನ್ನು ಮಾಡಿ ಕೊಡುವ ಆ ನಕ್ಷತ್ರಗಳು ಕಾರ್ಖಾನೆಯಿಂದ ಬಂದ ಸ್ಥಿತಿಯ ಕಾರಿಗೆ ಸೇರಿದವು.

ಪ್ರಶ್ನೆ ಕೇಳಿದವರಿಂದ: ಹಾನುಬಾಳು ದಾರಿ

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರು ಹೇಳಿದಂತೆ ಲಿಫ್ಟ್ ಮೇಲೆ ಹಾಕಿಸಿದೆ. ಎಡಗಡೆಯ ಲೋಯರ್ ಆರ್ಮ್‌ನ ಹಿಂದಿನ ಬುಷ್ ಸೀಳಿಬಿಟ್ಟಿತ್ತು. ಎರಡೂ ಕಡೆ ಹೊಸದು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಮೂತಿ ತಡೆಯುವುದು ನಿಂತಿದೆ. ಫೋಮ್, ಫೆಂಡರ್ ಬ್ರೇಸ್, ಅಂಡರ್ ಬ್ರೇಸ್ ಮೂರನ್ನೂ ಬಿಟ್ಟಿದ್ದೇನೆ. ಮುಂದಿನ ಸ್ಟ್ರಟ್ ಬಾರ್ ಮಾತ್ರ ಹಾಕಿಸೋಣವೆಂಬ ಆಸೆ ಇನ್ನೂ ಇದೆ. ಅದರಲ್ಲಿ ನೋಡಬೇಕಾದದ್ದು ಏನಾದರೂ ಉಂಟೇ?

ಉತ್ತರ 5: ಮೆಕ್ಯಾನಿಕಲ್ ಮೇಷ್ಟ್ರು

ಬಾನೆಟ್‌ಗೂ ಬಾರ್‌ಗೂ ನಡುವಿನ ಅಂತರ ನೋಡಿ. ಪಾದಚಾರಿಯ ತಲೆ ಬಾನೆಟ್ ಮೇಲೆ ಬಿದ್ದಾಗ ತಗಡು ತಗ್ಗಲು ಜಾಗ ಬೇಕೆಂದೇ ಕಂಪನಿಯವರು ಕೆಳಗಿನ ಗಟ್ಟಿ ಭಾಗಗಳನ್ನು ತಗ್ಗಿಸಿಟ್ಟಿರುತ್ತಾರೆ. ಬಾನೆಟ್‌ನ ಒಳಮೈಗೆ ಬಹುತೇಕ ತಾಗಿಕೊಂಡೇ ಹೋಗುವ ಬಾರ್ ಆ ಜಾಗವನ್ನು ತಿನ್ನುತ್ತದೆ. ಬಾರಿನ ಅತಿ ಎತ್ತರದ ಜಾಗದಲ್ಲಿ ಮೆತ್ತನೆಯ ಜೇಡಿಯ ಉಂಡೆಯಿಟ್ಟು ಬಾನೆಟ್ ಮುಚ್ಚಿ ತೆಗೆದು, ಉಳಿದ ದಪ್ಪವನ್ನು ಅಳೆಯಿರಿ. ಎಂಜಿನ್‌ನ ಮೇಲ್ಭಾಗಕ್ಕಿಂತ ಬಾರ್ ಎತ್ತರದಲ್ಲಿದ್ದರೆ ಬೇರೆ ಮಾದರಿ ಹುಡುಕಿ. ಸ್ಟ್ರಟ್ ನೆತ್ತಿಯ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದಲೇ, ಕಾರಿನ ಸರ್ವಿಸ್ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಬಿಗಿಸಿ. ಬಾರಿನ ತಟ್ಟೆಯ ದಪ್ಪ ಸೇರಿದ ಮೇಲೂ ನಟ್‌ನ ಎಲ್ಲ ಸುತ್ತುಗಳೂ ಬೋಲ್ಟಿನ ಮೇಲೆ ಕೂರಬೇಕು. ಕೂರದಿದ್ದರೆ ಆ ಬಾರ್ ನಿಮ್ಮ ಕಾರಿನದ್ದಲ್ಲ.