ಅಂಜನಾದ್ರಿ ಮೆಟ್ಟಿಲಲ್ಲಿ ಏದುಸಿರು: 56ಕ್ಕೆ ವ್ಯಾಯಾಮ ಶುರು ಮಾಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 56. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ, ದಿನವಿಡೀ ಕುರ್ಚಿ. ಹೋದ ಶನಿವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತುವಾಗ ನಾಲ್ಕು ಕಡೆ ಕೂತೆ. ಎದೆನೋವಿಲ್ಲ, ಬರೀ ಏದುಸಿರು. ಬಿಪಿ ಗುಳಿಗೆ ತಗೊಳ್ತೇನೆ. ಇಸಿಜಿ ನಾರ್ಮಲ್. ಈಗ ವ್ಯಾಯಾಮ ಶುರು ಮಾಡಿದರೆ ಉಪಯೋಗ ಇದೆಯಾ, ಇಲ್ಲಾ ಹೃದಯಕ್ಕೆ ಸುಮ್ನೆ ಭಾರವಾ?

ಉತ್ತರ: ಉಪಯೋಗ ಖಂಡಿತ ಇದೆ. ನಿಮ್ಮದು ಶುರು ಮಾಡಲು ಒಳ್ಳೆಯ ವಯಸ್ಸು.

ಹೃದಯ ರಕ್ತವನ್ನು ತಳ್ಳಿದರೆ ಸಾಲದು, ಸಡಿಲಾಗಿ ಹಿಗ್ಗಿ ತುಂಬಿಸಿಕೊಳ್ಳಲೂ ಬೇಕು. ವರ್ಷಗಟ್ಟಲೆ ಕೂತೇ ಇದ್ದರೆ ಅದರ ಎಡ ಕೆಳಕೋಣೆ ಗಡುಸಾಗುತ್ತದೆ, ಮೂಲೆಯಲ್ಲಿ ಬಿದ್ದ ಹಳೆ ಸೈಕಲ್ ಟ್ಯೂಬಿನ ಹಾಗೆ. ಆಗ ಒತ್ತಡ ಹಿಂದಕ್ಕೆ, ಶ್ವಾಸಕೋಶದ ಕಡೆ ತಿರುಗುತ್ತದೆ. ಮೆಟ್ಟಿಲು ಹತ್ತುವಾಗ ಉಸಿರು ಸಾಲದಿರಲು ಇದೂ ಒಂದು ಕಾರಣ.

2018ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರ ಅಧ್ಯಯನವೊಂದು ಪ್ರಕಟವಾಯಿತು. ಕೂತು ಕೆಲಸ ಮಾಡುವ, 45ರಿಂದ 64 ವಯಸ್ಸಿನ 53 ಜನ ಎರಡು ಗುಂಪಾಗಿ 2 ವರ್ಷದ ವ್ಯಾಯಾಮ ಪೂರೈಸಿದ್ದರು. ವಾರಕ್ಕೆ 4-5 ದಿನ ಬೆವರು ಹರಿಸಿದವರ ದಮ್ಮು, ಅಂದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ, ಶೇ. 18ರಷ್ಟು ಹೆಚ್ಚಿತು, ಹೃದಯದ ಗಡುಸು ಕಾಲುಭಾಗದಷ್ಟು ಇಳಿಯಿತು. ಬರೀ ಯೋಗ, ಹಗುರ ತೂಕ ಮಾಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ನನಗೆ ಇದೇ ದೊಡ್ಡ ಮಾತು.

ಆದರೆ ನಾಳೆಯೇ ಬೆಟ್ಟ ಹತ್ತಬೇಡಿ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಎಲ್ಲವನ್ನೂ ಹೇಳಲ್ಲ. ಮೊದಲು ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ) ಮಾಡಿಸಿ. ಸರಿ ಇದ್ದರೆ ಕಾಲುವೆ ದಂಡೆಯ ಸಮದಾರಿಯಲ್ಲಿ ವಾರಕ್ಕೆ ಮೂರು ದಿನ, ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ. ನಾಡಿ ಎಣಿಸಬೇಡಿ: ಕೆಲವು ಬಿಪಿ ಗುಳಿಗೆ ನಾಡಿ ಏರಲು ಬಿಡಲ್ಲ. ಮೂರು ತಿಂಗಳಾದ ಮೇಲೆ ದಿನ ಹೆಚ್ಚಿಸಿ, ನಡುನಡುವೆ ಮೂರ್ನಾಲ್ಕು ನಿಮಿಷ ಜೋರು ನಡಿಗೆ ಸೇರಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು, ತಲೆಸುತ್ತು ಬಂದರೆ ಅಲ್ಲೇ ಕೂತು ಆಸ್ಪತ್ರೆಗೆ ಕರೆದೊಯ್ಯಲು ಹೇಳಿ.

ಕೊಪ್ಪಳದಿಂದ ಒಬ್ಬರು: ಸರ್, ನಮ್ಮಪ್ಪಗೆ 74. ತಡವಾಯ್ತು ಅಲ್ವಾ?

ಉತ್ತರ: ಇಲ್ಲಮ್ಮ. ಆ ವಯಸ್ಸಿಗೆ ಶುರು ಮಾಡಿದವರಲ್ಲಿ ಹೃದಯದ ಗಡುಸು ಅಷ್ಟಾಗಿ ಇಳಿಯಲ್ಲ, ನಿಜ. ಆದರೆ ದಮ್ಮು ಹೆಚ್ಚುತ್ತದೆ, ಬಿಪಿ ಹತೋಟಿಗೆ ಬರುತ್ತದೆ, ಕಾಲಿಗೆ ಬಲ ಬರುತ್ತದೆ. ಅವರ ಡಾಕ್ಟರನ್ನು ಒಮ್ಮೆ ಕೇಳಿ. ಆಮೇಲೆ ಊಟಕ್ಕೆ ಮುಂಚೆ, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ.

ಗಂಗಾವತಿಯವರು: ಸೋಮವಾರ ಟಿಎಂಟಿಗೆ ಹೋಗ್ತಿದ್ದೇನೆ ಸರ್.

ಉತ್ತರ: ಒಳ್ಳೇದು. ಶೂ ಹಾಕಿಕೊಂಡು ಹೋಗಿ, ಅಲ್ಲೂ ನಡೆಯಬೇಕು. ಬಿಪಿ ಗುಳಿಗೆ ಅವತ್ತು ತಗೊಳ್ಳಬೇಕೋ ಬೇಡವೋ ಅಂತ ಅವರನ್ನೇ ಮೊದಲು ಕೇಳಿ.